ಹೂಂ ಎಂದವರು, ಹೊರಟವರು

ಪಂಡಿತಾ ರಮಾಬಾಯಿಯವರು ತಮ್ಮ ನಂಬಿಕೆಯ ಕಥೆಯನ್ನು 1907ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ್ಟ ಪುಸ್ತಕವಾಗಿ ಬರೆದರು. ಬತ್ತದ ನಿಧಿಯ ಬಗೆಗಿನ ಸಾಕ್ಷಿ ಎಂಬ ಅರ್ಥದ ಹೆಸರು ಅದಕ್ಕೆ. ಮತ ಬದಲಿಸಿದವರ ಕಥೆಗಳು ಸಾಮಾನ್ಯವಾಗಿ ದೀಕ್ಷಾಸ್ನಾನದೊಂದಿಗೆ ಮುಗಿಯುತ್ತವೆ. ಕತ್ತಲೆ ಹೋಯಿತು, ಬೆಳಕು ಬಂತು, ಶುಭಂ. ರಮಾಬಾಯಿಯವರ ಪುಸ್ತಕದಲ್ಲಾದರೋ ನಿಜವಾದ ತೊಡಕು ಶುರುವಾಗುವುದೇ ಅಲ್ಲಿಂದ.

ಅವರು ನಮ್ಮ ನೆಲದವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಆಕ್ಷೇಪಕ್ಕೆ ಗುರಿಯಾಗಿ, ಉಡುಪಿಯಲ್ಲಿ ಪಂಡಿತರೆದುರು ಶಾಸ್ತ್ರದ ಆಧಾರಗಳನ್ನಿಟ್ಟು ವಾದಿಸಿದವರು. ಘಟ್ಟದ ಮೇಲೆ ಗಂಗಾಮೂಲದ ಕಾಡಿನಲ್ಲಿ ಅವರು ಕಟ್ಟಿದ ಮನೆಯಲ್ಲಿ 1858ರಲ್ಲಿ ಮಗಳು ಹುಟ್ಟಿದಳು. ಆಮೇಲೆ ಸಂಸಾರವೆಲ್ಲ ಊರೂರು ತೀರ್ಥಯಾತ್ರೆ, ಪುರಾಣ ಪಠನ, ದಾನ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಮಗಳ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ 1878ರಲ್ಲಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ಬಂದವು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನೂ ಹೋದರು. ಪುಟ್ಟ ಮಗುವಿನೊಡನೆ ಇಂಗ್ಲೆಂಡಿಗೆ ಹೋದ ಅವರು 1883ರಲ್ಲಿ ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನ ಪಡೆದರು.

ಅಲ್ಲಿಂದ ಮುಂದೆ ಹೊರಗಿನವರ ಕಣ್ಣಿಗೆ ಯಾವ ಕೊರತೆಯೂ ಇಲ್ಲ. ಅಮೆರಿಕದಲ್ಲಿ ಭಾಷಣ ಮಾಡಿದರು, ಪುಸ್ತಕ ಬರೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆದರೂ ದೀಕ್ಷಾಸ್ನಾನದ ಎಂಟು ವರ್ಷಗಳ ಮೇಲೆ ಅವರಿಗೊಂದು ಮಾತು ಹೊಳೆಯಿತು: ತನಗೆ ಸಿಕ್ಕಿರುವುದು ಕ್ರೈಸ್ತ ಮತವೇ ಹೊರತು ಕ್ರಿಸ್ತನಲ್ಲ. ಈ ಮಾತನ್ನು ಕಡು ಪಾಪಿ ಹೇಳಿದ್ದರೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದವರು ಹೇಳಿದರೆಂಬುದೇ ಇದರ ತೂಕ.

ಮೇಷ್ಟರ ಕೆಲಸದಲ್ಲಿರುವವರಿಗೆ ಇದು ಬೇಗ ತಿಳಿಯುತ್ತದೆ. ಕೆಲವು ಮಕ್ಕಳ ನೋಟುಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಬೀಳುವುದಿಲ್ಲ. ಹಲಗೆಯ ಮೇಲಿದ್ದುದೆಲ್ಲ ಮುತ್ತಿನಂಥ ಅಕ್ಷರದಲ್ಲಿ ಇಳಿದಿರುತ್ತದೆ. ಲೆಕ್ಕವನ್ನು ಸ್ವಲ್ಪ ಬದಲಿಸಿ ಕೊಟ್ಟರೆ ಪೆನ್ನು ಓಡುವುದಿಲ್ಲ. ಭಕ್ತಿಯೂ ಹೀಗೆ ನಕಲಾಗಬಲ್ಲದು.

ನಮ್ಮ ಮಾಕಳಿಯ ಸುತ್ತಮುತ್ತ ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಹೆಣ್ಣುಮಕ್ಕಳು ಬಹಳ. ಭಾನುವಾರ ರಜೆ ಸಿಕ್ಕರೆ ಆರಾಧನೆಗೆ ಬರುತ್ತಾರೆ, ಸಿಗದಿದ್ದರೆ ಇಲ್ಲ. "ಏನಮ್ಮಾ, ಮೂರು ವಾರದಿಂದ ಕಾಣಲೇ ಇಲ್ಲ?" ಎಂದು ಮುಂದಿನ ಬೆಂಚಿನವರು ಕೇಳುತ್ತಾರೆ. ಪಾಳಿ ಮುಗಿಸಿ ಬಂದವಳು ಪಕ್ಕದ ಮನೆಯ ಬಾಣಂತಿಗೆ ಬಿಸಿನೀರು ಕಾಯಿಸಿ ಕೊಟ್ಟದ್ದು ಯಾವ ಹಾಜರಿ ಪುಸ್ತಕಕ್ಕೂ ಏರುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಇಬ್ಬರು ಮಕ್ಕಳ ಸಾಮ್ಯವಿದೆ. ದ್ರಾಕ್ಷಿತೋಟಕ್ಕೆ ಹೋಗೆಂದಾಗ ಒಬ್ಬ ಹೂಂ ಎಂದು ಹೋಗಲಿಲ್ಲ. ಇನ್ನೊಬ್ಬ ಒಲ್ಲೆನೆಂದು, ಆಮೇಲೆ ಮನಸ್ಸು ತಿರುಗಿ ಹೊರಟ. ನಮ್ಮ ಸಭೆಗಳಲ್ಲಿ ಹೂಂ ಎನ್ನುವ ದನಿಗೇನೂ ಬರವಿಲ್ಲ.

'ವಿಧೇಯತೆ' ಎಂದ ಕೂಡಲೇ ನಮ್ಮ ಹೆಣ್ಣುಮಕ್ಕಳು ಬೆಚ್ಚುವುದು ಸಹಜ. ಹೇಳಿದ ಹಾಗೆ ಕೇಳು ಎಂಬುದನ್ನು ತೊಟ್ಟಿಲಿನಿಂದ ಕೇಳಿದವರಲ್ಲವೆ ನಾವು? ಆದರೆ ರಮಾಬಾಯಿಯವರ ವಿಧೇಯತೆ ಆ ಬಗೆಯದಲ್ಲ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ನಡೆದ ಪತ್ರವ್ಯವಹಾರ 1977ರಲ್ಲಿ ಅಚ್ಚಾಗಿದೆ. ಒಂದು ಪುರೋಹಿತಶಾಹಿಯ ನೊಗ ಕಳಚಿದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬ ನಿಲುವು ಅದರಲ್ಲಿ ಸ್ಪಷ್ಟ. ಗುರುಗಳಿಗೆ ಇಲ್ಲವೆಂದವರು ಹಸಿದವರಿಗೆ ಇಲ್ಲವೆನ್ನಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿನ 'ಮುಕ್ತಿ' ಅವರ ಮನೆಯಾಯಿತು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಕೈಬಿಡಲಿಲ್ಲ.

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಒಂದಂಶವಿದೆ. ತಂದೆತಾಯಿಯರ ಬಗ್ಗೆ ಅಕ್ಕರೆಯಿಂದ ಬರೆಯುವ ಲೇಖಕಿ, ಅವರ ಧರ್ಮವನ್ನು ಬರಿಯ ಭ್ರಮೆಯೆಂದು ಬದಿಗಿಡುತ್ತಾರೆ. ಊರು ಎದುರಾದರೂ ಹೆಂಡತಿಗೆ ಅಕ್ಷರ ಕಲಿಸಿದ ಆ ಶಾಸ್ತ್ರಿಗಳದೂ ಮನಸ್ಸಾಕ್ಷಿಗೆ ತೋರಿದ ವಿಧೇಯತೆಯೇ ಅಲ್ಲವೆ? ಮಗಳು ಕ್ರಿಸ್ತನಲ್ಲಿ ಕಂಡ ದಾರಿಯಲ್ಲಿ ಇಟ್ಟ ಹೆಜ್ಜೆಗೆ ಗಂಗಾಮೂಲದ ಪಾಠವೂ ಬಲ ಕೊಟ್ಟಿತ್ತು. ಆ ಋಣವನ್ನು ಪುಸ್ತಕ ಪೂರ್ತಿ ಒಪ್ಪಿಕೊಳ್ಳುವುದಿಲ್ಲ. ಪರರ ನಂಬಿಕೆಯಲ್ಲಿ ಬರಿ ಆಚಾರವನ್ನೇ ಕಾಣುವುದೂ ಒಂದು ಬಗೆಯ ನೆಮ್ಮದಿಯೇ. ಅದರಿಂದ ಅವರೂ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ.

ಆದರೂ ಈ ಪುಸ್ತಕವನ್ನು ಓದಬೇಕು, ಕ್ರೈಸ್ತರಲ್ಲದವರೂ ಓದಬೇಕು. ಶುಕ್ರವಾರದ ಪೂಜೆ ತಪ್ಪಿಸದವರಿಗೂ ಭಾನುವಾರದ ಆರಾಧನೆ ತಪ್ಪಿಸದವರಿಗೂ ಅದು ಕೇಳುವ ಪ್ರಶ್ನೆ ಒಂದೇ. ಬಾಗಿಲು ತಟ್ಟಿದವರಿಗೆ ನಾವು ಎದ್ದು ಹೋಗಿ ತೆರೆದೆವೋ, ಇಲ್ಲವೆ ಪ್ರಾರ್ಥನೆ ಮುಗಿಯಲೆಂದು ಕಾಯಿಸಿದೆವೋ?