ಮಳೆ ಬಾರದ ತಿಂಗಳು ಯಾವುದು?

ಅಮ್ಮನಿಗೆ ಸಮುದ್ರ ತೋರಿಸಬೇಕೆಂದು ಅಂಡಮಾನಿಗೆ ಹೋಗುವ ಯೋಚನೆ ಮಾಡಿದಾಗ ಪ್ರವಾಸ ಕಂಪನಿಯವರು ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದರು. ಐದು ರಾತ್ರಿ, ಆರು ಹಗಲು. ಮೊದಲ ದಿನ ಸೆಲ್ಯುಲರ್ ಜೈಲು, ಸಂಜೆ ಅಲ್ಲೇ ಧ್ವನಿ-ಬೆಳಕಿನ ಪ್ರದರ್ಶನ. ಎರಡನೆಯ ದಿನ ಹಡಗಿನಲ್ಲಿ ಸ್ವರಾಜ್ ದ್ವೀಪ. ನಾಲ್ಕನೆಯ ದಿನ ಬಾರಾತಾಂಗ್. ನಾನು ಅವರಿಗೆ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ, ‘ಮಳೆ ಬಾರದ ತಿಂಗಳು ಯಾವುದು?’ ಪಕ್ಕದಲ್ಲಿ ಕೂತಿದ್ದ ಅಮ್ಮ ನಕ್ಕಳು. ನಮ್ಮದು ಚಳ್ಳಕೆರೆ ಕಡೆಯ ಊರು. “ಮಳೆ ಬ್ಯಾಡ ಅಂತ ಕೇಳಿದ್ದು ನಮ್ಮನೇಲಿ ನೀನೇ ಮೊದಲು ನೋಡು” ಅಂದಳು.

ಆ ವಾರ ನನ್ನ ಮೇಜಿನ ಮೇಲಿದ್ದ ಪುಸ್ತಕ ಜಮೈಕಾ ಕಿಂಕೇಡ್ ಅವರ ‘ಎ ಸ್ಮಾಲ್ ಪ್ಲೇಸ್’. ಪ್ರಬಂಧದ ಒಂದು ಅಧ್ಯಾಯಕ್ಕಾಗಿ ಅದನ್ನು ಮೂರನೆಯ ಸಲ ಓದುತ್ತಿದ್ದೆ. ಅಮ್ಮ ಅಂದ ಮಾತು ಆ ಪುಸ್ತಕದ ಮೊದಲ ಪುಟಗಳಲ್ಲೇ ಇದೆ ಎಂಬುದು ಆಗ ಹೊಳೆಯಿತು. ವಿಮಾನದಿಂದ ಇಳಿಯುವ ಪ್ರವಾಸಿ ಬಿಸಿಲು ಕಂಡು ಹಿಗ್ಗುತ್ತಾನೆ. ನಾಲ್ಕು ದಿನದ ರಜೆಗೆ ಮಳೆ ಅಡ್ಡ ಬರಬಾರದು, ಅಷ್ಟೇ ಅವನ ಆಸೆ. ಸುತ್ತ ಉಪ್ಪುನೀರಿದ್ದೂ ವರ್ಷವಿಡೀ ಕುಡಿಯುವ ನೀರನ್ನು ಎಣಿಸಿ ಬಳಸುವ ಜನ ಆ ಬಿಸಿಲಲ್ಲಿ ಹೇಗೆ ಬದುಕುತ್ತಾರೆಂಬುದು ಅವನ ಪಟ್ಟಿಯಲ್ಲಿಲ್ಲ. ಬರದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಫೋನು ಹಿಡಿದಾಗ ನನ್ನ ಬಾಯಲ್ಲಿ ಬಂದದ್ದು ಪ್ರವಾಸಿಯ ಪ್ರಶ್ನೆಯೇ.

ಕಿಂಕೇಡ್ ಹುಟ್ಟಿದ್ದು 1949ರಲ್ಲಿ, ಕೆರಿಬಿಯನ್ ಸಮುದ್ರದ ಆಂಟಿಗುವಾದಲ್ಲಿ. ಹದಿಹರೆಯದಲ್ಲೇ ಅಮೆರಿಕದ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರು. ಬ್ರಿಟಿಷರ ವಸಾಹತಾಗಿದ್ದ ಆಂಟಿಗುವಾ 1981ರಲ್ಲಿ ಸ್ವತಂತ್ರವಾಯಿತು. ಬಹುಕಾಲದ ನಂತರ ಊರಿಗೆ ಮರಳಿ ಕಂಡದ್ದನ್ನು 1988ರಲ್ಲಿ ಈ ಸಣ್ಣ ಪುಸ್ತಕವಾಗಿ ಬರೆದರು. ನೂರು ಪುಟವೂ ಇಲ್ಲ, ನಾಲ್ಕು ಭಾಗಗಳಿವೆ. ಮೊದಲ ಭಾಗದ ಮಾತೆಲ್ಲ ಪ್ರವಾಸಿಯ ಜೊತೆ. ಟ್ಯಾಕ್ಸಿಯಲ್ಲಿ ಹೋಗುವಾಗ ಅವನಿಗೆ ಕಾಣುವುದನ್ನೂ ಕಾಣದ್ದನ್ನೂ ಒಂದೊಂದಾಗಿ ತೋರಿಸುತ್ತ ಹೋಗುತ್ತಾರೆ. ಹೊಸ ಜಪಾನಿ ಕಾರುಗಳ ಹಿಂದೆ ಮಂತ್ರಿಗಳ ವ್ಯಾಪಾರವಿದೆ. 1974ರ ಭೂಕಂಪದಲ್ಲಿ ಹಾಳಾದ ಗ್ರಂಥಾಲಯ ರಿಪೇರಿಯಾಗುತ್ತದೆಂಬ ಬೋರ್ಡು ಹೊತ್ತು ವರ್ಷಗಟ್ಟಲೆ ನಿಂತಿದೆ. ಹೋಟೆಲಿನ ಕೊಳಚೆ ಪ್ರವಾಸಿ ಈಜುವ ನೀರಿಗೇ ಸೇರುತ್ತಿರಬಹುದು. ಇದನ್ನೆಲ್ಲ ಬಲ್ಲವನಿಗೆ ರಜೆ ಸಾಗುವುದಿಲ್ಲ. ಪ್ರವಾಸದ ಯೋಜನೆಯೆಂದರೆ ಏನನ್ನು ನೋಡಬೇಕು ಎಂಬುದರಷ್ಟೇ ಏನನ್ನು ನೋಡಬಾರದು ಎಂಬುದರ ಪಟ್ಟಿ. ಈ ಪುಸ್ತಕದಿಂದ ನಾನು ಕಲಿತದ್ದು ಇದು.

ಇದನ್ನು ಕನ್ನಡದಲ್ಲಿ ಯೋಚಿಸುವಾಗ ಒಂದು ತೊಡಕು ಎದುರಾಗುತ್ತದೆ. ಕಿಂಕೇಡ್ ಬಳಸುವ ಇಂಗ್ಲಿಷಿನ ಸರ್ವನಾಮಕ್ಕೆ ನಮ್ಮಲ್ಲಿ ಎರಡು ರೂಪಗಳಿವೆ: ‘ನೀನು’, ‘ನೀವು’. ಒಂದನ್ನು ಆರಿಸಲೇಬೇಕು. ಪ್ರವಾಸ ಕಂಪನಿಯ ಪಟ್ಟಿ ‘ನೀವು’ ಅನ್ನುತ್ತದೆ: ನೀವು ತಿಂಡಿ ಮುಗಿಸಿ ಹೊರಡುತ್ತೀರಿ, ನೀವು ಸೂರ್ಯಾಸ್ತ ಸವಿಯುತ್ತೀರಿ. ಕಿಂಕೇಡ್ ಅವರ ವಾಕ್ಯಗಳು ಶುರುವಾಗುವುದು ಇದೇ ನಯದಲ್ಲಿ. ಓದುಗ ಮೈಮರೆತು ಸೀಟಿಗೆ ಒರಗಿಕೊಂಡ ಮೇಲೆ, ಅದೇ ಉಸಿರಿನಲ್ಲಿ ಅವನನ್ನು ಕುರೂಪಿ ಅನ್ನುತ್ತಾರೆ. ಎಲ್ಲಿ ‘ನೀವು’ ಹೋಗಿ ‘ನೀನು’ ಬಂತೆಂದು ಇಂಗ್ಲಿಷಿನಲ್ಲಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಮೊದಲಿಂದಲೇ ‘ನೀನು’ ಎಂದರೆ ಅದು ಬರೀ ಬೈಗುಳ, ಕೊನೆಯವರೆಗೆ ‘ನೀವು’ ಎಂದರೆ ದೂರು ಅರ್ಜಿ. ಈ ಬರಹದ ಕೋಪಕ್ಕೆ ಆತಿಥ್ಯದ ಮುಖವಿದೆ. ಅತಿಥಿಗಳನ್ನು ಉಪಚರಿಸಿಯೇ ಹೊಟ್ಟೆ ಹೊರೆಯುವ ಊರಿನವರ ಕೋಪ ಹೀಗೇ ಇರುತ್ತದೇನೋ.

ಇಷ್ಟು ವರ್ಷ ನಾನು ಈ ಪುಸ್ತಕವನ್ನು ನಿರಾಳವಾಗಿ ಓದಿದ್ದೆ. ಅಲ್ಲಿ ಬೈಸಿಕೊಳ್ಳುವವನು ಯುರೋಪಿನಿಂದಲೋ ಉತ್ತರ ಅಮೆರಿಕದಿಂದಲೋ ಬಂದ ಬಿಳಿಯ. ನಾವು ವಸಾಹತಿನ ಮಕ್ಕಳು, ಬೈಯುವವರ ಪಕ್ಕದಲ್ಲಿ ಕೂತವರು. ಸೆಮಿನಾರುಗಳಲ್ಲಿ ಹಾಗೆಯೇ ಮಾತಾಡಿದ್ದೇನೆ. ಕೈಯಲ್ಲಿ ಪಟ್ಟಿ ಬಂದ ಮೇಲೆ ಕುರ್ಚಿ ಬದಲಾಯಿತು. ಮೊದಲ ಭಾಗದ ಕೊನೆಗೆ ಕಿಂಕೇಡ್ ಇದನ್ನೂ ಹೇಳಿದ್ದಾರೆ: ಪ್ರತಿಯೊಬ್ಬ ಪ್ರವಾಸಿಯೂ ಒಂದು ಊರಿನವನೇ, ಪ್ರತಿ ಊರಿನವನಿಗೂ ಒಂದಷ್ಟು ದಿನ ಆ ಊರು ಬಿಟ್ಟು ಹೋಗುವ ಆಸೆಯಿದೆ, ಆದರೆ ಹೆಚ್ಚಿನವರ ಹತ್ತಿರ ದುಡ್ಡಿಲ್ಲ. ಅಮ್ಮ ಈವರೆಗೆ ವಿಮಾನ ಹತ್ತಿಲ್ಲ. ಅವಳ ಆಸೆಯನ್ನು ಕಿಂಕೇಡ್ ಅವರ ಪ್ರವಾಸಿಯ ಆಸೆಯೊಡನೆ ಒಂದೇ ಗಂಟಿನಲ್ಲಿ ಕಟ್ಟಲು ನನಗೆ ಮನಸ್ಸಿಲ್ಲ. ಬಡವರಾಗಿದ್ದವರು ಮೊದಲ ಸಲ ಪ್ರವಾಸಿಗಳಾಗುವ ಗಳಿಗೆಯನ್ನು ಈ ಪುಸ್ತಕ ಮುಟ್ಟಿ ಬಿಟ್ಟುಬಿಡುತ್ತದೆ. ಅದರ ಕೊರತೆ ನನಗೆ ಕಾಣುವುದು ಇಲ್ಲಿ.

ಆ ಕೊರತೆಯನ್ನು ತುಂಬಿಕೊಳ್ಳಲು ಡೆರೆಕ್ ವಾಲ್ಕಾಟ್ ಬೇಕು. ಅವರು ಸೇಂಟ್ ಲೂಸಿಯಾ ದ್ವೀಪದವರು. 1992ರ ನೊಬೆಲ್ ಭಾಷಣವನ್ನು ಅವರು ಆರಂಭಿಸಿದ್ದು ಟ್ರಿನಿಡಾಡಿನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ. ಕಬ್ಬಿನ ತೋಟಗಳ ಕೂಲಿಗಾಗಿ 1845ರಿಂದ ಕರಾರಿನ ಮೇಲೆ ಸಾಗಿಸಲ್ಪಟ್ಟ ಭಾರತೀಯರ ವಂಶದವರು ಅಲ್ಲಿದ್ದಾರೆ. ಅದನ್ನು ನೋಡಲು ಗೆಳೆಯರೊಡನೆ ಹೋದ ವಾಲ್ಕಾಟ್ ತಾನು ಕಂಡದ್ದನ್ನು ಮೊದಲು ನಾಟಕವೆಂದು, ಎಲ್ಲಿಂದಲೋ ಕಳಚಿ ಬಂದ ಚೂರೆಂದು ಓದಿದರಂತೆ. ಆಮೇಲೆ ತಮ್ಮನ್ನೇ ತಿದ್ದಿಕೊಳ್ಳುತ್ತಾರೆ: ಆ ಹುಡುಗರು ನಟರಲ್ಲ, ನಂಬಿಕೆಯುಳ್ಳವರು. ಪಕ್ಕದ ದ್ವೀಪದ ಕವಿಯೂ ಪ್ರವಾಸಿಯಂತೆ ತಪ್ಪಾಗಿ ನೋಡಬಲ್ಲ. ಆದರೆ ನೋಡಿದ್ದನ್ನು ತಿದ್ದಿಕೊಳ್ಳಲೂ ಬಲ್ಲ. ಕಿಂಕೇಡ್ ಅವರ ಪ್ರವಾಸಿಗೆ ಇಲ್ಲದ ಅವಕಾಶ ಇದು.

ಈ ಎರಡನ್ನೂ ಓದಿ ಮತ್ತೆ ನಮ್ಮ ಪಟ್ಟಿ ತೆಗೆದೆ. ನಾಲ್ಕನೆಯ ದಿನದ ಎದುರು ಹೀಗಿತ್ತು: ನಸುಕಿನಲ್ಲಿ ಹೊರಟು ಕಾಡಿನ ದಾರಿ, ಬಾರಾತಾಂಗಿನ ಸುಣ್ಣಕಲ್ಲಿನ ಗುಹೆ. ಆ ಕಾಡಿನ ದಾರಿ ಜರವಾ ಜನರ ಮೀಸಲು ಪ್ರದೇಶವನ್ನು ಹಾಯುವ ಅಂಡಮಾನ್ ಟ್ರಂಕ್ ರಸ್ತೆ. ಅಲ್ಲಿ ಹಾಯುವ ರಸ್ತೆಯ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಮುಚ್ಚಲಿಲ್ಲ. ಜರವಾ ಹೆಂಗಸರನ್ನು ಪ್ರವಾಸಿಗರೆದುರು ಕುಣಿಸಿದ ವಿಡಿಯೊ 2012ರಲ್ಲಿ ಹೊರಬಂತು. ವಾಹನಗಳು ಪೊಲೀಸ್ ಬೆಂಗಾವಲಿನಲ್ಲಿ ಸಾಲಾಗಿ ಹೋಗಬೇಕು, ನಿಲ್ಲಿಸಬಾರದು, ಫೋಟೊ ತೆಗೆಯಬಾರದು ಎಂಬ ನಿಯಮಗಳಿವೆ. ಪಟ್ಟಿಯಲ್ಲಿ ಜರವಾ ಎಂಬ ಪದವೇ ಇರಲಿಲ್ಲ. ಆ ಸಾಲು ಕಾರುಗಳಲ್ಲಿ ಕೂತವರನ್ನು ಅವರು ತಮ್ಮ ಭಾಷೆಯಲ್ಲಿ ಏನೆಂದು ಕರೆಯುತ್ತಾರೋ, ನಮಗೆ ಅದರ ಅನುವಾದವೂ ಸಿಗುವುದಿಲ್ಲ.

ಅಮ್ಮನಿಗೆ ಇಷ್ಟನ್ನು ಹೇಳಿದೆ. “ಬ್ಯಾಡ ಬಿಡು. ಗುಹೆ ನೋಡಾಕೆ ಅಂತ ದಿನಾ ಜನ ನಮ್ಮ ಪಡಸಾಲೆ ಹಾದು ಹೋದ್ರೆ ನಾವು ಸುಮ್ಕಿರ್ತಿದ್ವಾ?” ಅಂದಳು. ಫೋನು ಮಾಡಿ ಬಾರಾತಾಂಗ್ ತೆಗೆಸಿದೆ. “ಆ ದಿನ ಖಾಲಿ ಉಳಿಯುತ್ತಲ್ಲ ನಿಮಗೆ?” ಎಂದರು ಕಂಪನಿಯವರು. ಇರಲಿ ಎಂದೆ.

ಒಂದು ಸಾಲು ಹೊಡೆದುಹಾಕಿದ ಮಾತ್ರಕ್ಕೆ ಕಿಂಕೇಡ್ ಅವರ ‘ನೀನು’ವಿನಿಂದ ನನಗೆ ಬಿಡುಗಡೆ ಸಿಕ್ಕಿತೆಂದು ನಾನು ನಂಬಿಲ್ಲ. ಟಿಕೆಟ್ ಫೆಬ್ರವರಿಗೆ ಆಗಿದೆ. ಮಳೆ ಬಾರದ ತಿಂಗಳು.