ಬೀದಿಯ ಕಲ್ಲು, ಗುಡಿಯ ಕಲ್ಲು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳಗಿನ ಹೊತ್ತು ನಡೆಯುವವನಿಗೆ ಎರಡು ಕಣ್ಣು ಸಾಲವು. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗವಷ್ಟೆ; ಹೆಸರಿಗೆ ತಕ್ಕಂತೆ ಮೂಟೆಗಳು ಒಂದು ಕಡೆ ಇಳಿಯುತ್ತಿರುತ್ತವೆ, ಇನ್ನೊಂದು ಕಡೆ ಏರುತ್ತಿರುತ್ತವೆ. ಇಂಥ ಗಡಿಬಿಡಿಯ ನಡುವೆ, ನಾನು ದಿನವೂ ಹಾಯುವ ತಿರುವೊಂದರಲ್ಲಿ, ಕಾಲುಹಾದಿಯ ಮೇಲೆಯೇ ಪುಟ್ಟದೊಂದು ಗುಡಿ. ಅದರ ಮುಂದೆ ಬಂದಾಗಲೆಲ್ಲ ಚಪ್ಪಲಿಯಿಂದ ಕಾಲು ತೆಗೆದು ಕೈ ಮುಗಿಯುತ್ತೇನೆ. ಆಮೇಲೆ ಬೀದಿಗಿಳಿದು, ವಾಹನಗಳಿಗೆ ಮೈ ತಗಲದಂತೆ ಸುತ್ತಿಕೊಂಡು ಮುಂದೆ ಹೋಗುತ್ತೇನೆ. ಈ ಎರಡು ಕೆಲಸಗಳಿಗೂ ಒಂದಕ್ಕೊಂದು ಸಂಬಂಧವಿದೆಯೆಂದು ಬಹು ಕಾಲ ನನಗೆ ಹೊಳೆದಿರಲಿಲ್ಲ. ಒಂದು ದಿನ ಬೆನ್ನ ಮೇಲೆ ಮೂಟೆ ಹೊತ್ತ ಹಮಾಲಿಯೊಬ್ಬ ನನ್ನ ಹಿಂದೆ ನಿಲ್ಲಬೇಕಾಗಿ ಬಂತು. “ಬೇಗ ಮುಗುದ್ಬುಡಿ ಸ್ವಾಮಿ. ದೇವ್ರೇನೋ ನಿಂತ್ಕಂಡವ್ನೆ, ನಾನು ನಿಂತ್ಕಳಕಾಯ್ತದಾ?” ಎಂದ. ದೇವರ ಮೇಲೆ ಅವನಿಗೆ ಸಿಟ್ಟೇನೂ ಇದ್ದಂತೆ ತೋರಲಿಲ್ಲ. ಅವನು ಕೇಳಿದ್ದು ದಾರಿ.

ಆ ದಿನಗಳಲ್ಲೇ ನಾನು ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ವನ್ನು ಮತ್ತೊಮ್ಮೆ ಓದುತ್ತಿದ್ದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಇಂಗ್ಲಿಷ್ ಪಾಠ ಹೇಳಿದ ಈ ಲೇಖಕರ ಕಾದಂಬರಿ ಹೊರಬಂದದ್ದು 1973ರಲ್ಲಿ. ಅರ್ಧ ಶತಮಾನ ಕಳೆದ ಮೇಲೂ ಕೃತಿಯೊಂದು ಬೀದಿಯಲ್ಲಿ ಕೇಳಿದ ಮಾತಿಗೆ ಉತ್ತರ ಕೊಡಲು ಮುಂದಾಗುವುದಾದರೆ ಅದನ್ನು ಇನ್ನೂ ಜೀವಂತವೆಂದೇ ಎಣಿಸಬೇಕು. ಉತ್ತರ ಪೂರ್ತಿ ದೊರೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಕಥೆಯನ್ನು ಬಲ್ಲ ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ. ಭಾರತೀಪುರ ಮಂಜುನಾಥನ ಊರು; ಊರಿನ ಅನ್ನ, ಅಂಗಡಿ, ಮರ್ಯಾದೆ, ಭಯ ಎಲ್ಲವೂ ಅವನನ್ನು ನಂಬಿಕೊಂಡಿವೆ. ಇಂಗ್ಲೆಂಡಿನಿಂದ ಹಿಂದಿರುಗಿದ ಜಮೀನ್ದಾರ ಜಗನ್ನಾಥ ದಲಿತರನ್ನು ಆ ಗುಡಿಯೊಳಕ್ಕೆ ಕರೆದೊಯ್ಯಲು ಸಂಕಲ್ಪಿಸುತ್ತಾನೆ. ಕಾನೂನು ಅದಕ್ಕೆ ಅಡ್ಡಿಯಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿಯೇ 1948ರಲ್ಲಿ ದೇವಾಲಯ ಪ್ರವೇಶದ ಕಾಯಿದೆ ಬಂದಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿತ್ತು. ಬಾಗಿಲು ಕಾಗದದ ಮೇಲೆ ತೆರೆದಿತ್ತು. ಹೊಸ್ತಿಲು ಮಾತ್ರ ಮೊದಲಿನಷ್ಟೇ ಎತ್ತರವಾಗಿತ್ತು.

ಕಾದಂಬರಿಯ ಜೀವ ಇರುವುದು ಸಾಲಿಗ್ರಾಮದ ಪ್ರಸಂಗದಲ್ಲಿ. ಜಗನ್ನಾಥ ಮನೆಯ ದೇವರ ಕೋಣೆಯಿಂದ ಸಾಲಿಗ್ರಾಮವನ್ನು ಹೊರಗೆ ತಂದು ದಲಿತ ಯುವಕರ ಮುಂದೆ ಹಿಡಿದು ಮುಟ್ಟಿರೆನ್ನುತ್ತಾನೆ. ಅವರು ಬೆದರಿ ಹಿಂಜರಿಯುತ್ತಾರೆ. ಅವನ ದನಿ ಏರುತ್ತದೆ. ಬಿಡುಗಡೆಯ ಮಾತು ನೋಡುನೋಡುತ್ತಲೇ ಯಜಮಾನನ ಅಪ್ಪಣೆಯಾಗುತ್ತದೆ. ಅವರು ಮುಟ್ಟುತ್ತಾರೆ, ಓಡುತ್ತಾರೆ. ಉಳಿದ ಜಗನ್ನಾಥನಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ. ಇದು ಬರಿಯ ಕಲ್ಲೆಂದು ತೋರಿಸಹೊರಟವನ ಅಂಗೈಯಲ್ಲಿಯೇ ಅದು ಹಿಂದೆಂದೂ ಇಲ್ಲದಷ್ಟು ಸಾಲಿಗ್ರಾಮವಾಗಿಬಿಡುತ್ತದೆ. ನಿತ್ಯ ಪೂಜೆಯಲ್ಲಿ ಅಭ್ಯಾಸದಿಂದ ಮಂಕಾಗಿದ್ದ ವಸ್ತುವಿಗೆ, ಅದನ್ನು ಭಂಗಿಸುವ ಹಟವೇ ಕಾಂತಿ ಕೊಡುತ್ತದೆ. ಕನ್ನಡ ಕಾದಂಬರಿಯಲ್ಲಿ ಇದಕ್ಕಿಂತ ನಿಷ್ಠುರವಾದ ಆತ್ಮಪರೀಕ್ಷೆ ನಡೆದ ಸ್ಥಳಗಳು ಬಹಳವಿಲ್ಲ.

ಈ ಪುಟಗಳನ್ನು ಓದುವಾಗ ನನಗೆ ಹುಚ್ಚಗಣಿಯ ನೆನಪಾಯಿತು. ನಂಜನಗೂಡು ತಾಲ್ಲೂಕಿನ ಈ ಗ್ರಾಮದ ಹೆಸರನ್ನು ಮೈಸೂರಿನಲ್ಲೇ ಎಷ್ಟೋ ಜನ 2021ರ ಸೆಪ್ಟೆಂಬರಿಗೆ ಮೊದಲು ಕೇಳಿರಲಾರರು. ಆ ತಿಂಗಳು ಅಧಿಕಾರಿಗಳು ಅಲ್ಲಿನ ಮಹದೇವಮ್ಮನ ದೇವಸ್ಥಾನವನ್ನು ಕೆಡವಿಸಿದರು. ಹಿನ್ನೆಲೆ ಹಳೆಯದು. ಬೀದಿ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಗುಡಿ, ಚರ್ಚು, ಮಸೀದಿ, ಗುರುದ್ವಾರ ಯಾವುದನ್ನೂ ಇನ್ನು ಮುಂದೆ ಕಟ್ಟಗೊಡಬಾರದೆಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್ 29ರಂದು ಆಜ್ಞೆ ಮಾಡಿತ್ತು. ಆಗಲೇ ಇದ್ದವುಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸುವಂತೆ ರಾಜ್ಯಗಳಿಗೆ ಹೇಳಿತ್ತು. ಕರ್ನಾಟಕದ ಪಟ್ಟಿಯಲ್ಲಿ ಇಂಥ ಕಟ್ಟಡಗಳು ಆರು ಸಾವಿರಕ್ಕೂ ಹೆಚ್ಚಿದ್ದುವು. ಹನ್ನೆರಡು ವರ್ಷ ನಿಧಾನವಾಗಿ ತೆವಳಿದ ಕೆಲಸ 2021ರಲ್ಲಿ ಒಮ್ಮೆಲೇ ಅವಸರಕ್ಕೆ ಬಿತ್ತು. ಯಂತ್ರ ಗುಡಿಯನ್ನು ಕೆಡವುವ ಚಿತ್ರ ಜನರ ಕೈಯಿಂದ ಕೈಗೆ ಹರಿಯಿತು, ನಾಡೆಲ್ಲ ಗದ್ದಲವಾಯಿತು. ಅದೇ ತಿಂಗಳ 21ರಂದು ವಿಧಾನಸಭೆ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೆಡವಿದುದೂ ಅದೇ ಸರ್ಕಾರದ ಆಡಳಿತ, ಕಾಪಾಡಲು ನಿಂತುದೂ ಅದೇ ಸರ್ಕಾರ.

ಸಾಹಿತ್ಯದ ಪುಟದಲ್ಲಿ ಕಾಯಿದೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕಾಯಿದೆಯೂ ಒಂದು ಬರಹ. ಅದರ ಶಬ್ದಗಳನ್ನೂ ತೂಗಿ ನೋಡಬಹುದು. 2021ರ ಈ ಬರಹದಲ್ಲಿ ‘ಧಾರ್ಮಿಕ ಕಟ್ಟಡ’ವೆಂದರೆ ಸಾರ್ವಜನಿಕ ಸ್ಥಳದಲ್ಲಿ ಕಾನೂನಿನ ಅಧಿಕಾರವಿಲ್ಲದೆ ಕಟ್ಟಿದ ದೇವಸ್ಥಾನ, ಚರ್ಚು, ಮಸೀದಿ, ಗುರುದ್ವಾರ, ಬೌದ್ಧ ವಿಹಾರ, ಮಜಾರು ಇತ್ಯಾದಿ. ಕಾಯಿದೆ ಬಂದ ದಿನ ಇದ್ದವುಗಳಿಗೆ ರಕ್ಷಣೆ. ಇನ್ನು ಮುಂದೆ ಅನುಮತಿಯಿಲ್ಲದೆ ಕಟ್ಟಕೂಡದು. ಅಂದರೆ ಅನಧಿಕೃತವಾಗಿರುವುದೇ ಇಲ್ಲಿ ರಕ್ಷಣೆಗೆ ಬೇಕಾದ ಅರ್ಹತೆ! ಮುನ್ನಾ ದಿನ ಕಟ್ಟಿದ ಗೋಡೆಗೂ ಮುನ್ನೂರು ವರ್ಷದ ಕಲ್ಲಿಗೂ ಒಂದೇ ತಕ್ಕಡಿ. ಉದ್ದೇಶವೆಂದು ಹೇಳಿರುವುದು ಕೋಮು ಸಾಮರಸ್ಯ. ಎಲ್ಲ ಮತಗಳ ಹೆಸರನ್ನೂ ಸಾಲಾಗಿ ಹೇಳಿರುವುದರಿಂದ ಪಕ್ಷಪಾತದ ಆರೋಪ ಅದಕ್ಕೆ ತಗಲದು. ಆದರೆ ಆ ಸಾಲಿನಲ್ಲಿ ಮೂಟೆ ಹೊತ್ತವನಿಗೆ ಜಾಗವಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ತೊಡಕು ಗಮನಕ್ಕೆ ಬರುತ್ತದೆ. ‘ಸೆಕ್ಯುಲರ್’ ಎಂಬ ಮಾತು ಸಂವಿಧಾನದ ಪ್ರಸ್ತಾವನೆಗೆ 1976ರಲ್ಲಿ ಸೇರಿತು. ಕನ್ನಡದಲ್ಲಿ ಅದಕ್ಕೆ ‘ಜಾತ್ಯತೀತ’ವೆಂದೂ ‘ಧರ್ಮನಿರಪೇಕ್ಷ’ವೆಂದೂ ‘ಸರ್ವಧರ್ಮ ಸಮಭಾವ’ವೆಂದೂ ಮೂರು ಮಾತುಗಳು ಬಳಕೆಯಲ್ಲಿವೆ. ಮೂರನ್ನೂ ನಾವು ಒಂದರ ಬದಲು ಇನ್ನೊಂದನ್ನು ಎಗ್ಗಿಲ್ಲದೆ ಉಪಯೋಗಿಸುತ್ತೇವೆ. ಬೀದಿಯ ಕಲ್ಲಿನ ಮುಂದೆ ನಿಂತಾಗ ಮಾತ್ರ ಅವು ಮೂರು ದಿಕ್ಕಿಗೆ ಎಳೆಯುತ್ತವೆ. ಧರ್ಮನಿರಪೇಕ್ಷವೆಂದರೆ ರಾಜ್ಯಕ್ಕೆ ಆ ಕಲ್ಲು ಕಲ್ಲೇ. ಹಾದಿಗೆ ಅಡ್ಡವಾಗಿದ್ದರೆ ತೆಗೆಯಬೇಕು. 2009ರ ಆಜ್ಞೆಯ ದನಿ ಬಹುಮಟ್ಟಿಗೆ ಇದು. ಸರ್ವಧರ್ಮ ಸಮಭಾವವೆಂದರೆ ಎಲ್ಲರ ಕಲ್ಲನ್ನೂ ಸಮನಾಗಿ ಕಾಯಬೇಕು. 2021ರ ಕಾಯಿದೆ ಹಿಡಿದ ದಾರಿ ಇದು. ಜಾತ್ಯತೀತವೆಂಬ ಮಾತು ಇವೆರಡಕ್ಕಿಂತ ಕಟುವಾದ ಪ್ರಶ್ನೆಯನ್ನು ಒಳಗಿಟ್ಟುಕೊಂಡಿದೆ: ಈ ಕಲ್ಲನ್ನು ಮುಟ್ಟಬಲ್ಲವರು ಯಾರು? ಅನಂತಮೂರ್ತಿಯವರು ಕೇಳಿದ್ದು ಇದನ್ನು. ಇಂಗ್ಲಿಷಿನ ಒಂದು ಶಬ್ದವನ್ನು ಮೂರಾಗಿ ಒಡೆದ ಕನ್ನಡ, ತಿಳಿದೋ ತಿಳಿಯದೆಯೋ, ನಮ್ಮ ಸಮಸ್ಯೆಯ ನಿಜಸ್ವರೂಪವನ್ನು ಬಿಡಿಸಿ ತೋರಿಸಿದೆ.

ಈ ಗೊಂದಲ ನಮಗೊಬ್ಬರಿಗೇ ಮೀಸಲೆಂದು ತಿಳಿಯಬೇಕಾಗಿಲ್ಲ. ಧರ್ಮಕ್ಕೂ ರಾಜ್ಯಕ್ಕೂ ನಡುವೆ ಗೋಡೆಯೆಬ್ಬಿಸಿದೆವೆಂದು ಹೇಳಿಕೊಳ್ಳುವ ಅಮೆರಿಕದಲ್ಲಿ, ಮೇರಿಲೆಂಡಿನ ಬ್ಲೇಡೆನ್ಸ್‌ಬರ್ಗ್ ಎಂಬ ಊರಿನ ರಸ್ತೆಗಳ ಕೂಡಿನಲ್ಲಿ, 40 ಅಡಿ ಎತ್ತರದ ಶಿಲುಬೆಯೊಂದಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಆ ಸೀಮೆಯ ಯೋಧರ ಸ್ಮಾರಕವಾಗಿ 1925ರಲ್ಲಿ ನಿಂತದ್ದು. ಆ ನೆಲ ಆಮೇಲೆ ಸರ್ಕಾರಿ ಸಂಸ್ಥೆಯೊಂದರ ವಶಕ್ಕೆ ಬಂತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ ಅದು ಇದ್ದಲ್ಲೇ ಇರಬಹುದೆಂದಿತು. ಕಾಲ ಕಳೆದಂತೆ ಇಂಥ ಚಿಹ್ನೆಗೆ ಮತದಾಚೆಯ ಅರ್ಥಗಳೂ ಕೂಡಿಕೊಳ್ಳುತ್ತವೆ, ಈಗ ಕಿತ್ತರೆ ಅದು ತಟಸ್ಥತೆಯಾಗಿ ಕಾಣದೆ ಹಗೆತನವಾಗಿ ಕಾಣುತ್ತದೆ ಎಂಬುದು ಅದರ ವಾದದ ತಿರುಳು. ಅಲ್ಲೂ ಇಲ್ಲೂ ಕೊನೆಗೆ ಸಾಕ್ಷಿ ಹೇಳಿದುದು ಕಾಲ. ಆದರೆ ಅಲ್ಲಿ ಒಂದು ಕಲ್ಲಿನ ಚರಿತ್ರೆಯನ್ನು ಕೂತು ಕೇಳಿದರು. ನಾವು ಸಾವಿರಾರು ಕಲ್ಲುಗಳ ಮೇಲೆ ಒಂದೇ ದಿನಾಂಕದ ಮೊಹರು ಒತ್ತಿದೆವು. ಒಂದೊಂದಾಗಿ ಪರಿಶೀಲಿಸಿರೆಂದು ನಮ್ಮ ನ್ಯಾಯಾಲಯ ಹೇಳಿದ್ದ ಮಾತು ಕೆಡವುವ ಅವಸರದಲ್ಲೂ ಮುಳುಗಿತು, ಕಾಪಾಡುವ ಅವಸರದಲ್ಲೂ ಮುಳುಗಿತು.

ಹಳೆಯ ಮೈಸೂರಿನ ರೀತಿ ಬೇರೆಯಿತ್ತು. ಮಂಡಿ ಮೊಹಲ್ಲಾದಿಂದ ಅಶೋಕ ರಸ್ತೆ ಹಿಡಿದು ಹೊರಟವನಿಗೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಕಾಣುತ್ತವೆ. 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅಲ್ಲೊಂದು ಚರ್ಚು ಎದ್ದಿತ್ತು. ಇಂದಿನ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿಯ ಭಕ್ತರಾದ ಅರಸರು ಪರಮತದ ಮಂದಿರಕ್ಕೆ ಅಡಿಗಲ್ಲಿಟ್ಟುದು ಉದಾರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ಅದನ್ನೇ ಇಂದಿಗೆ ಮಾದರಿಯಾಗಿ ಹಿಡಿಯುವುದು ಸುಲಭವಲ್ಲ. ಅರಸನಿಗೆ ಕೊಡುವ ಅಧಿಕಾರವಿತ್ತು. ನೆಲ ಅವನದೆಂಬ ಭಾವನೆಯಿತ್ತು. ಗಣರಾಜ್ಯದಲ್ಲಿ ಬೀದಿ ಎಲ್ಲರದು. ಎಲ್ಲರದಾದುದನ್ನು ದಾನ ಮಾಡುವ ಹಕ್ಕು ಯಾವ ಸರ್ಕಾರಕ್ಕೂ ಅಷ್ಟು ಸಲೀಸಾಗಿ ಬರುವುದಿಲ್ಲ. ಅರಸರು ಹಗಲಿನಲ್ಲಿ, ಹೆಸರು ಹೇಳಿ, ಕಲ್ಲಿನಲ್ಲಿ ಬರೆಸಿ ಕೊಡುತ್ತಿದ್ದರು. ಇಂದಿನ ಒತ್ತುವರಿ ರಾತ್ರಿಯಲ್ಲಿ ಬೆಳೆದು, ಮಸೂದೆಯಲ್ಲಿ ಒಪ್ಪಿಗೆ ಪಡೆಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಬೀದಿಯಂಚಿನ ಗುಡಿಗಳೆಲ್ಲ ಕಪಟದಿಂದ ಹುಟ್ಟಿದವಲ್ಲ. ಎಷ್ಟೋ ಕಡೆ ಅರಳಿಕಟ್ಟೆ ಮೊದಲಿತ್ತು, ರಸ್ತೆ ಅಗಲವಾಗುತ್ತ ಬಂದು ಅದನ್ನು ಮುಟ್ಟಿತು. ದೊಡ್ಡ ಗುಡಿಯ ಹೊಸ್ತಿಲು ದಾಟಗೊಡದ ಜನ ತಮ್ಮ ಮಾರಮ್ಮನನ್ನು, ಮಹದೇವಮ್ಮನನ್ನು ಮತ್ತೆಲ್ಲಿ ನಿಲ್ಲಿಸಬೇಕಾಗಿತ್ತು? ನೆಲವಿಲ್ಲದವರ ದೇವರಿಗೂ ನೆಲವಿರುವುದಿಲ್ಲ. ‘ಭಾರತೀಪುರ’ದ ಒಂದು ಕೊರತೆ ನನಗೆ ಕಾಣುವುದು ಇಲ್ಲಿಯೇ. ಅದರಲ್ಲಿ ದಲಿತರು ಮಾತಾಡುವುದು ಬಹಳ ಕಡಮೆ. ಅವರ ಎದೆಯೊಳಗಿನ ದೈವ ಯಾವುದು, ಅದು ಯಾವ ಮರದಡಿ ನಿಂತಿದೆ ಎಂಬುದು ಜಗನ್ನಾಥನಿಗೆ ತಿಳಿಯದು. ತಿಳಿಯುವ ಆತುರವೂ ಅವನಿಗಿಲ್ಲ. ಅವನ ಕಣ್ಣೆಲ್ಲ ಮಂಜುನಾಥನ ಮೇಲೆ. ನಾಯಕನ ಈ ಕುರುಡನ್ನು ಕಾದಂಬರಿ ಬಲ್ಲದು, ಆದರೆ ತಾನೂ ಬಹುಪಾಲು ಅವನ ಕಣ್ಣಿನಿಂದಲೇ ನೋಡುತ್ತದೆ. ಗುಡಿಯ ಒಳಗನ್ನು ಕುರಿತು ಇಷ್ಟು ಆಳವಾಗಿ ಬರೆದ ಕೃತಿಗೆ ಗುಡಿಯ ಹೊರಗಿನ ಬಯಲು ಅಷ್ಟಾಗಿ ಕಾಣಲಿಲ್ಲ.

ಆದರೂ ಬೀದಿಯ ಪ್ರಶ್ನೆಗೆ ಬೇಕಾದ ಒಂದು ಮುಖ್ಯ ತಿಳಿವು ಅಲ್ಲಿಂದಲೇ ನಮಗೆ ದೊರೆಯುತ್ತದೆ. ಕಲ್ಲನ್ನು ಬರಿಯ ಕಲ್ಲೆಂದು ಬಲಾತ್ಕಾರದಿಂದ ಸಾಧಿಸಲಾಗದು. ಹುಚ್ಚಗಣಿಯಲ್ಲಿ ಆದುದು ಸಾಲಿಗ್ರಾಮದ ಪ್ರಸಂಗವೇ. ಊರಿನವರ ಹರಕೆ ಹಬ್ಬಗಳಲ್ಲಿ ನೆಮ್ಮದಿಯಾಗಿದ್ದ ತಾಯಿ, ಯಂತ್ರ ತಗುಲಿದೊಡನೆ ರಾಜ್ಯದ ರಾಜಕಾರಣದ ದೇವತೆಯಾದಳು. ಕಾದಂಬರಿಯ ಕೊನೆಯಲ್ಲಿ ಪೂಜಾರಿಯ ಮಗನೇ ಲಿಂಗವನ್ನು ಕಿತ್ತು ಹೊಳೆಗೆ ಎಸೆಯುತ್ತಾನೆ; ದಲಿತರು ಒಳಹೊಕ್ಕಾಗ ಗರ್ಭಗುಡಿ ಬರಿದು. ಒಳಗೆ ಬರಲು ಹಕ್ಕು ದೊರೆತ ಹೊತ್ತಿಗೆ ಒಳಗೆ ಏನೂ ಇಲ್ಲ. 2021ರ ಕಾಯಿದೆಯನ್ನು ಓದುವಾಗ ಇದಕ್ಕೆ ತಿರುಗಾದ ಚಿತ್ರ ನನ್ನ ಮನಸ್ಸಿಗೆ ಬರುತ್ತದೆ. ಇಲ್ಲಿ ದೇವರು ಭದ್ರ; ಬರಿದಾಗುತ್ತ ಹೋಗುವುದು ಹೊರಗಿನ ಹಾದಿ, ಎಲ್ಲರಿಗೂ ಸಲ್ಲಬೇಕಾದ ಆ ನಾಲ್ಕು ಅಡಿ ಜಾಗ.

ಹಾಗಾದರೆ ಮಾಡಬೇಕಾದುದೇನು? ವಿಮರ್ಶಕನಿಂದ ಆಡಳಿತದ ಸಲಹೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಜಗನ್ನಾಥನ ಸೋಲನ್ನು ಓದಿದವನಿಗೆ ಒಂದು ಮಾತು ಹೇಳುವ ಅಧಿಕಾರವಿದೆ. ಅವನು ದಲಿತರಿಗಾಗಿ ಎಲ್ಲವನ್ನೂ ಪಣಕ್ಕಿಟ್ಟ, ಅವರೊಡನೆ ಕೂತು ಮಾತಾಡಲು ಮಾತ್ರ ಅರಿಯದಾದ. ನಮ್ಮ ಸರ್ಕಾರಗಳದೂ ಇದೇ ಕಥೆ. ಕೆಡವುವಾಗ ಗುಡಿಯವರನ್ನು ಕೇಳಲಿಲ್ಲ, ಕಾಯುವಾಗ ದಾರಿಹೋಕರನ್ನು ಕೇಳಲಿಲ್ಲ. ಈ ಗುಡಿ ಯಾವಾಗಿನದು, ರಸ್ತೆ ಯಾವಾಗಿನದು, ಹತ್ತು ಮಾರು ಆಚೆ ಜಾಗವಿದೆಯೆ, ಅಲ್ಲಿಗೆ ಹೋಗಲು ತಾಯಿ ಒಪ್ಪುವಳೆ ಎಂದು ಊರಿನವರನ್ನು ಕೂರಿಸಿಕೊಂಡು ಕೇಳುವ ತಾಳ್ಮೆಗೆ ಯಂತ್ರವೂ ಬೇಕಾಗಿಲ್ಲ, ಮಸೂದೆಯೂ ಬೇಕಾಗಿಲ್ಲ. ದೇವರನ್ನು ಕದಲಿಸುವ ವಿಧಿ ನಮ್ಮ ಸಂಪ್ರದಾಯದಲ್ಲಿಯೇ ಇದೆ. ಉತ್ಸವಮೂರ್ತಿ ಪ್ರತಿ ವರ್ಷ ಬೀದಿಗೆ ಬಂದು, ಮೆರೆದು, ಹೊತ್ತಾದ ಮೇಲೆ ಒಳಕ್ಕೆ ಹೋಗುವುದನ್ನು ಕಂಡವರೇ ನಾವೆಲ್ಲ.

ನನ್ನ ತಿರುವಿನ ಗುಡಿ ಇನ್ನೂ ಅಲ್ಲಿಯೇ ಇದೆ. ಕೈ ಮುಗಿಯುವುದನ್ನು ನಾನೂ ಬಿಟ್ಟಿಲ್ಲ. ಈಗ ಮಾತ್ರ ಒಂದು ಪಕ್ಕಕ್ಕೆ, ಅಂಗಡಿಯ ಗೋಡೆಗೆ ಒತ್ತಿ ನಿಂತು ಮುಗಿಯುತ್ತೇನೆ. ಹಿಂದೆ ಯಾರಾದರೂ ಮೂಟೆ ಹೊತ್ತು ಬರುತ್ತಿರಬಹುದು.