ಅರವತ್ತು ಸ್ಯಾಂಪಲ್, ಏಳನೇ ದಿನದ ಪರೀಕ್ಷೆ

ನರ್ಸಿಂಗ್ ಕಾಲೇಜೊಂದರ ಗ್ರಂಥಾಲಯದಲ್ಲಿ ಎಂ.ಎಸ್ಸಿ. ಪ್ರಬಂಧಗಳನ್ನಿಟ್ಟ ಕಪಾಟಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ರಟ್ಟಿನ ಮೇಲಿನ ಚಿನ್ನದ ಬಣ್ಣದ ಅಕ್ಷರಗಳೇ ಅರ್ಧ ಕಥೆ ಹೇಳಿಬಿಡುತ್ತವೆ. ಶೀರ್ಷಿಕೆಗಳಿಗೆ ಒಂದು ಅಚ್ಚಿದೆ: ಇಂಥ ಊರಿನ ಆಯ್ದ ಆಸ್ಪತ್ರೆಗಳ ಸ್ಟಾಫ್ ನರ್ಸುಗಳಿಗೆ ಇಂಥ ವಿಷಯದ ಬಗ್ಗೆ ಇರುವ ಜ್ಞಾನದ ಮೇಲೆ ‘ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ’ ಎಷ್ಟು ಪರಿಣಾಮಕಾರಿ ಎಂದು ಅಳೆಯುವ ಒಂದು ಅಧ್ಯಯನ. ಪೂರ್ತಿ ಓದಲು ಒಂದು ಉಸಿರು ಸಾಲದು. ಊರು ಬದಲಾಗುತ್ತದೆ, ಕಾಯಿಲೆ ಬದಲಾಗುತ್ತದೆ. ನರ್ಸುಗಳ ಜಾಗಕ್ಕೆ ಬಾಣಂತಿಯರೋ ಅಂಗನವಾಡಿ ಕಾರ್ಯಕರ್ತೆಯರೋ ಪಿಯುಸಿ ಹುಡುಗಿಯರೋ ಬರುತ್ತಾರೆ. ಹಿಟ್ಟು ಯಾವುದಾದರೇನು, ಇಡ್ಲಿ ತಟ್ಟೆಯ ಗುಂಡಿ ಅದೇ.

ಒಳಗಿನ ಕ್ರಮವೂ ಹೆಚ್ಚು ಕಡಿಮೆ ನಿಗದಿಯಾಗಿದೆ. ಮೊದಲ ವರ್ಷ ಸಿನಾಪ್ಸಿಸ್. ಆಮೇಲೆ ‘ಟೂಲ್’, ಅಂದರೆ ಮೂವತ್ತೋ ನಲವತ್ತೋ ಬಹು ಆಯ್ಕೆ ಪ್ರಶ್ನೆಗಳ ಪಟ್ಟಿ. ಅದಕ್ಕೆ ತಜ್ಞರ ಒಪ್ಪಿಗೆ, ಪೈಲಟ್ ಸ್ಟಡಿ, ಆಸ್ಪತ್ರೆಯ ಅನುಮತಿ ಪತ್ರ. ಸುಮಾರು ಅರವತ್ತು ಜನರಿಗೆ ಮೊದಲ ಪರೀಕ್ಷೆ, ಅದೇ ದಿನ ಮುಕ್ಕಾಲು ಗಂಟೆಯ ಪಾಠ, ಏಳನೇ ದಿನ ಅದೇ ಪ್ರಶ್ನೆಗಳ ಮರುಪರೀಕ್ಷೆ. ಅಂಕ ಏರುತ್ತದೆ. ಏರದೆ ಎಲ್ಲಿ ಹೋಗುತ್ತದೆ? ಪಾಠ ಹೇಳಿ, ಅದೇ ಪಾಠದ ಮೇಲೆ, ಅದೇ ಪ್ರಶ್ನೆಗಳನ್ನು ವಾರದೊಳಗೆ ಮತ್ತೆ ಕೇಳಿದರೆ ಅಂಕ ಇಳಿಯುವುದೇ ವಿಶೇಷ. ಆದರೂ ಪೇರ್ಡ್ ಟಿ ಟೆಸ್ಟ್ ಹಾಕಿ, ಪಿ ಮೌಲ್ಯ 0.05ಕ್ಕಿಂತ ಕಡಿಮೆ ಎಂದು ಬರೆದು, ಊಹೆ ಸಾಬೀತಾಯಿತು ಎಂದು ಘೋಷಿಸಲಾಗುತ್ತದೆ. ವಯಸ್ಸು, ಧರ್ಮ, ಆದಾಯ, ಆಹಾರ ಪದ್ಧತಿ ಇವಕ್ಕೂ ಜ್ಞಾನಕ್ಕೂ ಸಂಬಂಧವಿದೆಯೇ ಎಂದು ಕೈ-ಸ್ಕ್ವೇರ್ ಪರೀಕ್ಷೆಯೂ ನಡೆಯುತ್ತದೆ. ಸಸ್ಯಾಹಾರಿಗೆ ಮಧುಮೇಹದ ಬಗ್ಗೆ ಹೆಚ್ಚು ಗೊತ್ತಿದ್ದರೆ ಅದರಿಂದ ವಾರ್ಡಿನಲ್ಲಿ ಏನು ಬದಲಾಗಬೇಕು ಎಂಬುದು ಚರ್ಚೆಗೆ ಬರುವುದಿಲ್ಲ.

ಈ ವಿನ್ಯಾಸ ದುರ್ಬಲ ಎಂಬುದು ಹೊಸ ಸಂಗತಿಯಲ್ಲ. ಡೊನಾಲ್ಡ್ ಕ್ಯಾಂಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ 1963ರಲ್ಲಿ ಸಂಶೋಧನಾ ವಿನ್ಯಾಸಗಳ ಕುರಿತು ಬರೆದ, ಈಗ ಎಲ್ಲ ವಿಧಾನ ಪುಸ್ತಕಗಳಿಗೂ ತವರಿನಂತಿರುವ ಕೃತಿಯಲ್ಲಿ, ಒಂದೇ ಗುಂಪಿನ ಮುನ್‌ಪರೀಕ್ಷೆ–ಮರುಪರೀಕ್ಷೆಯನ್ನು ಹೇಗೆ ಮಾಡಬಾರದು ಎಂಬುದಕ್ಕೆ ಉದಾಹರಣೆಯಾಗಿ ಇಟ್ಟಿದ್ದರು. ಮಧ್ಯೆ ಬೇರೇನೋ ನಡೆದಿರಬಹುದು, ಮೊದಲ ಪರೀಕ್ಷೆಯೇ ಪಾಠ ಕಲಿಸಿರಬಹುದು, ತೀರಾ ಕಡಿಮೆ ಅಂಕದವರು ಎರಡನೇ ಸಲ ತಾವಾಗಿಯೇ ಸರಾಸರಿಯ ಕಡೆ ಸರಿದಿರಬಹುದು. ವಿದ್ಯಾರ್ಥಿಗಳು ಈ ಆಕ್ಷೇಪಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಮರುವರ್ಷ ಅದೇ ವಿನ್ಯಾಸವನ್ನು ಆರಿಸಿಕೊಳ್ಳುತ್ತಾರೆ.

ಆದರೆ ವಿನ್ಯಾಸದ ದೋಷಕ್ಕಿಂತ ದೊಡ್ಡದು ಪ್ರಶ್ನೆಯ ದೋಷ. ಬೆಡ್ ಸೋರ್ ಕುರಿತ ಒಂದು ಟೂಲನ್ನು ಕಲ್ಪಿಸಿಕೊಳ್ಳಿ. ಹಾಸಿಗೆ ಹಿಡಿದ ರೋಗಿಯ ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು ಎಂಬ ಪ್ರಶ್ನೆ ಅದರಲ್ಲಿ ಇದ್ದೇ ಇರುತ್ತದೆ. ಕೀ ಉತ್ತರ: ಎರಡು ಗಂಟೆಗೊಮ್ಮೆ. ಹಾಗೆಂದವರಿಗೆ ಒಂದು ಅಂಕ, ಮೂರು ಗಂಟೆ ಎಂದವರಿಗೆ ಸೊನ್ನೆ. ಈ ಎರಡು ಗಂಟೆ ಎಲ್ಲಿಂದ ಬಂತು?

ಅದರ ಹಿಂದಿರುವ ಮುಖ್ಯ ಹೆಸರು ಡೊರೀನ್ ನಾರ್ಟನ್. ಆಕೆ ಇಂಗ್ಲೆಂಡಿನ ನರ್ಸ್. ವಾರ್ಡುಗಳಲ್ಲಿ ವೃದ್ಧರ ಬೆನ್ನಿಗೆ ಬಗೆಬಗೆಯ ದ್ರಾವಣ, ಮುಲಾಮು ತಿಕ್ಕುತ್ತಿದ್ದ ಕಾಲ ಅದು. ನಮ್ಮಲ್ಲೂ ಸ್ಪಿರಿಟ್ ಹಚ್ಚಿ ಪೌಡರ್ ಉದುರಿಸುವ ‘ಬ್ಯಾಕ್ ಕೇರ್’ ಹಳೆಯ ಸಿಸ್ಟರುಗಳಿಗೆಲ್ಲ ಗೊತ್ತಿದ್ದದ್ದೇ. ನಾರ್ಟನ್ ಮತ್ತು ಸಂಗಡಿಗರು ನರ್ಸುಗಳಿಗೆ ಏನು ಗೊತ್ತು ಎಂದು ಕೇಳುತ್ತ ಕೂರಲಿಲ್ಲ. ಮಂಚಗಳ ಪಕ್ಕ ನಿಂತು ಯಾರಿಗೆ ಹುಣ್ಣಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ದಾಖಲಿಸಿದರು. 1962ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ನಾರ್ಟನ್ ಮಾಪಕ ಹುಟ್ಟಿತು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ ಹೀಗೆ ಐದು ಅಂಶ, ಪ್ರತಿಯೊಂದಕ್ಕೂ ಒಂದರಿಂದ ನಾಲ್ಕು ಅಂಕ, ಒಟ್ಟು 20. ಹದಿನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ. ತಿಕ್ಕುವುದಕ್ಕಿಂತ ಮಗ್ಗುಲು ಬದಲಿಸುವುದು ಮುಖ್ಯ ಎಂಬುದಕ್ಕೆ ಬಲ ಸಿಕ್ಕಿದ್ದೂ ಅಲ್ಲಿಂದಲೇ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬಾರ್ಬರಾ ಬ್ರೇಡನ್ ಜೊತೆ 1987ರಲ್ಲಿ ಅದೇ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕವನ್ನು ಪ್ರಕಟಿಸಿದ ನ್ಯಾನ್ಸಿ ಬರ್ಗ್‌ಸ್ಟ್ರಾಂ ಕಾಲು ಶತಮಾನದ ನಂತರ ಎರಡು ಗಂಟೆಯನ್ನೇ ಪ್ರಶ್ನಿಸಿದರು. ಅಮೆರಿಕ ಮತ್ತು ಕೆನಡಾದ 27 ವೃದ್ಧಾಲಯಗಳ 942 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು: ಒಳ್ಳೆಯ ಫೋಮ್ ಹಾಸಿಗೆ ಇದ್ದಲ್ಲಿ ಮೂರಕ್ಕೂ ಗಣನೀಯ ವ್ಯತ್ಯಾಸವಿಲ್ಲ. ಹಾಗಂತ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ನಾಲ್ಕು ಗಂಟೆ ಸಾಕು ಎನ್ನಲಾಗದು. ಇಲ್ಲಿ ರೆಕ್ಸಿನ್ ಹೊದಿಸಿದ, ನಡುವೆ ತಗ್ಗು ಬಿದ್ದ ಹಾಸಿಗೆ. ಎಷ್ಟೋ ಸಲ ಮಗ್ಗುಲು ಬದಲಿಸುವವರು ನರ್ಸ್ ಕೂಡ ಅಲ್ಲ, ಊರಿಂದ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಂಡ ಮಗಳೋ ಸೊಸೆಯೋ. ನಿಜವಾದ ಸಂಶೋಧನಾ ಪ್ರಶ್ನೆ ಇರುವುದು ಇಲ್ಲೇ: ಈ ಹಾಸಿಗೆಯಲ್ಲಿ, ಈ ಕೈಗಳಿಂದ, ಎಷ್ಟು ಹೊತ್ತಿಗೊಮ್ಮೆ? ಕಪಾಟಿನ ಪ್ರಬಂಧ ಅದನ್ನು ಕೇಳುವ ಬದಲು, ಜಗತ್ತು ಇನ್ನೂ ಚರ್ಚಿಸುತ್ತಿರುವುದನ್ನು ಕೀ ಉತ್ತರವೆಂದುಕೊಂಡು ಅಂಕ ಹಾಕುತ್ತದೆ.

ಪ್ರಶ್ನಾವಳಿಯೇ ಕೆಟ್ಟದ್ದು ಎಂದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಸೇನೆಯ ಆರೋಗ್ಯ ಕುರಿತ 1859ರ ರಾಯಲ್ ಕಮಿಷನ್ನಿಗಾಗಿ ಇಲ್ಲಿನ ಸೇನಾ ಠಾಣೆಗಳಿಗೆಲ್ಲ ಪ್ರಶ್ನಾವಳಿ ಕಳಿಸುವ ಕೆಲಸದ ಹಿಂದೆ ಆಕೆಯ ತಲೆಯಿತ್ತು. ಕೇಳಿದ್ದು ನೀರು ಎಲ್ಲಿಂದ ಬರುತ್ತದೆ, ಚರಂಡಿ ಎಲ್ಲಿಗೆ ಹೋಗುತ್ತದೆ, ಎಷ್ಟು ಜನ ಯಾವ ಕಾಯಿಲೆಯಿಂದ ಸತ್ತರು ಎಂದು. ಸ್ವಚ್ಛತೆಯ ಬಗ್ಗೆ ಅಧಿಕಾರಿಗಳಿಗಿರುವ ಜ್ಞಾನ ಸಮರ್ಪಕವೋ, ಮಧ್ಯಮವೋ, ಅಸಮರ್ಪಕವೋ ಎಂದಲ್ಲ.

ಅನುಬಂಧದ ಪುಟಗಳಿಗೂ ಒಂದು ಮಾತು ಸಲ್ಲಬೇಕು, ಏಕೆಂದರೆ ಅವನ್ನು ವೈವಾ ಪರೀಕ್ಷಕರೂ ಸರಿಯಾಗಿ ತಿರುವುವುದಿಲ್ಲ. ಅಲ್ಲಿ ಟೂಲಿನ ಕನ್ನಡ ರೂಪ ಇರುತ್ತದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ, ಈಶಾನ್ಯದ ವಿದ್ಯಾರ್ಥಿಗಳು ಬಹಳ. ಪ್ರಶ್ನೆ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ, ಯಾರೋ ಕನ್ನಡ ಮೇಷ್ಟರ ಕೈಯಲ್ಲಿ ಅನುವಾದವಾಗಿ, ಅವರ ಪ್ರಮಾಣಪತ್ರದೊಂದಿಗೆ ಬರುತ್ತದೆ. ಆ ಕನ್ನಡದಲ್ಲಿ ಭೇದಿ ‘ಅತಿಸಾರ’ವಾಗುತ್ತದೆ, ಉರಿಮೂತ್ರ ‘ಮೂತ್ರನಾಳದ ಸೋಂಕು’ ಆಗುತ್ತದೆ, ಮುಟ್ಟು ನಿಲ್ಲುವುದು ‘ಋತುಬಂಧ’ವಾಗುತ್ತದೆ, ಎದೆಹಾಲು ಕುಡಿಸುವುದು ‘ಸ್ತನ್ಯಪಾನ’ವಾಗುತ್ತದೆ. ಮೂರು ಮಕ್ಕಳಿಗೆ ಎದೆಹಾಲು ಕುಡಿಸಿ ಬೆಳೆಸಿದ ತಾಯಿ ‘ಸ್ತನ್ಯಪಾನದ ಅವಧಿ ಎಷ್ಟು’ ಎಂಬುದಕ್ಕೆ ತಡವರಿಸಿದರೆ ಅವಳ ಜ್ಞಾನ ‘ಅಸಮರ್ಪಕ’ ಎಂಬ ಕಾಲಮ್ಮಿಗೆ ಬೀಳುತ್ತದೆ. ಪಾಠವಾದ ಮೇಲೆ ಅಂಕ ಏರಿದ್ದು ಅವಳು ಹೊಸದೇನನ್ನೋ ಕಲಿತದ್ದರಿಂದಲೋ, ಆ ಪದದ ಅರ್ಥ ತಿಳಿದದ್ದರಿಂದಲೋ? ಸ್ಪ್ಲಿಟ್ ಹಾಫ್ ವಿಧಾನದಿಂದ ಟೂಲಿನ ವಿಶ್ವಾಸಾರ್ಹತೆಯನ್ನು ಎರಡು ದಶಮಾಂಶದವರೆಗೆ ಲೆಕ್ಕ ಹಾಕುವ ಪ್ರಬಂಧಕ್ಕೆ ಈ ಅನುಮಾನ ಬರುವುದೇ ಇಲ್ಲ.

ಕೇಳುವುದಕ್ಕೂ ನೋಡುವುದಕ್ಕೂ ಇರುವ ಅಂತರ ತಿಳಿಯಲು ಕರ್ನಾಟಕದಲ್ಲೇ ನಡೆದ ಕೆಲಸವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಅನ್ನು 2010ರಲ್ಲಿ ಇಲ್ಲಿನ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪ್ರಯೋಗಿಸಲಾಯಿತು. ವರದಿ ಪ್ರಕಟವಾದದ್ದು 2012ರಲ್ಲಿ. ಅಲ್ಲಿ ಯಾರೂ ನರ್ಸುಗಳ ಕೈಗೆ ಪ್ರಶ್ನೆಪತ್ರಿಕೆ ಕೊಡಲಿಲ್ಲ. ವೀಕ್ಷಕರು ಹೆರಿಗೆ ಕೋಣೆಯಲ್ಲಿ ನಿಂತು ಎಣಿಸಿದರು: ಕೈ ತೊಳೆದರೇ, ಬಿ.ಪಿ. ನೋಡಿದರೇ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಹೊತ್ತಿಗೆ ಸರಿಯಾಗಿ ಕೊಟ್ಟರೇ. ಚೆಕ್‌ಲಿಸ್ಟ್ ಬರುವ ಮೊದಲು ಮಾಡಬೇಕಾದ 29 ಕೆಲಸಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ 10 ನಡೆಯುತ್ತಿದ್ದವು. ಬಂದ ಮೇಲೆ 25.

ನಿಜ, ಇದೂ ಮೊದಲು–ಆಮೇಲೆ ಮಾದರಿಯ ಅಧ್ಯಯನವೇ. ಕ್ಯಾಂಬೆಲ್ ಮತ್ತು ಸ್ಟ್ಯಾನ್ಲಿಯ ಆಕ್ಷೇಪ ಇದಕ್ಕೂ ತಾಗುತ್ತದೆ. ಸಂಶೋಧಕರಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಮುಂದಿನ ಹೆಜ್ಜೆ ಉತ್ತರ ಪ್ರದೇಶದಲ್ಲಿ: 120 ಆರೋಗ್ಯ ಕೇಂದ್ರಗಳು, ಅರ್ಧಕ್ಕೆ ಚೆಕ್‌ಲಿಸ್ಟ್ ಮತ್ತು ತರಬೇತುದಾರರ ಒತ್ತಾಸೆ, ಅರ್ಧಕ್ಕೆ ಎಂದಿನ ವ್ಯವಸ್ಥೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ‘ಬೆಟರ್‌ಬರ್ತ್’ ಎಂಬ ಹೆಸರಿನ ಈ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಿದ್ದಾಗ ಅನೇಕರಿಗೆ ಗಂಟಲು ಕಟ್ಟಿತು. ನಡವಳಿಕೆ ಸುಧಾರಿಸಿತ್ತು: ಎರಡು ತಿಂಗಳಲ್ಲಿ ಒಂದು ಕಡೆ ಶೇ. 73ರಷ್ಟು ಕೆಲಸಗಳು ನಡೆದರೆ ಇನ್ನೊಂದು ಕಡೆ ಶೇ. 42. ತರಬೇತುದಾರರು ಹೊರಟ ಮೇಲೆ, ಹನ್ನೆರಡನೇ ತಿಂಗಳಿಗೆ, ಅದು 62 ಮತ್ತು 44ಕ್ಕೆ ಬಂತು. ತಾಯಿ–ಮಗುವಿನ ಸಾವು, ತಾಯಿಯ ತೀವ್ರ ತೊಂದರೆ ಎಲ್ಲ ಸೇರಿಸಿದ ಲೆಕ್ಕ ಮಾತ್ರ ಶೇ. 15.1 ಮತ್ತು 15.3. ಅಂದರೆ ವ್ಯತ್ಯಾಸವಿಲ್ಲ.

ಇಷ್ಟು ದೊಡ್ಡ ಪ್ರಯತ್ನದ ಸೋಲನ್ನು ಮುಚ್ಚದೆ ಪ್ರಕಟಿಸಿದ್ದೇ ವಿದ್ವತ್ತು. ಗೊತ್ತಿರುವುದು ಒಂದು ಮೆಟ್ಟಿಲು, ಮಾಡುವುದು ಇನ್ನೊಂದು, ರೋಗಿ ಬದುಕುವುದು ಮತ್ತೊಂದು. ಎರಡನೆಯದನ್ನು ಹತ್ತಿದರೂ ಮೂರನೆಯದು ಕೈಗೆ ಸಿಗದೇ ಹೋಗಬಹುದು ಎಂದು ಒಂದೂವರೆ ಲಕ್ಷ ಹೆರಿಗೆಗಳು ಹೇಳುತ್ತಿವೆ. ನಮ್ಮ ಕಪಾಟಿನ ಪ್ರಬಂಧ ಮೊದಲ ಮೆಟ್ಟಿಲ ಮೇಲೆ, ಏಳನೇ ದಿನ ನಿಂತು, ಮಹಡಿ ಹತ್ತಿದೆ ಎನ್ನುತ್ತದೆ.

ವಿದ್ಯಾರ್ಥಿನಿಯನ್ನು ದೂರಿ ಫಲವಿಲ್ಲ. ಎರಡು ವರ್ಷದ ಕೋರ್ಸಿನಲ್ಲಿ ಕ್ಲಿನಿಕಲ್ ಪೋಸ್ಟಿಂಗ್, ಪಾಠ, ಪರೀಕ್ಷೆಗಳ ನಡುವೆ ದತ್ತಾಂಶ ಸಂಗ್ರಹಕ್ಕೆ ಸಿಗುವುದು ನಾಲ್ಕಾರು ವಾರ. ಖರ್ಚು ಅವಳದೇ. ಅನುಮತಿ ಕೊಡಬೇಕಾದ ಆಸ್ಪತ್ರೆಗೆ ‘ನಿಮ್ಮ ನರ್ಸುಗಳಿಗೆ ಪಾಠ ಮಾಡುತ್ತೇನೆ’ ಎಂದರೆ ಸಹಿ ಬೀಳುತ್ತದೆ. ‘ನೈಟ್ ಡ್ಯೂಟಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂದು ಎಣಿಸುತ್ತೇನೆ’ ಎಂದರೆ ಫೈಲು ಮೇಜಿನ ಮೇಲೇ ಕೂರುತ್ತದೆ. ಶೀರ್ಷಿಕೆಯ ‘ಆಯ್ದ ಆಸ್ಪತ್ರೆಗಳು’ ಎಂಬ ಮಾತಿನಲ್ಲಿ ಆಯ್ಕೆ ಯಾರದು ಎಂಬುದು ಇಲ್ಲೇ ಇತ್ಯರ್ಥವಾಗುತ್ತದೆ.

ಆ ಎಣಿಕೆ ಎಷ್ಟು ದೂರ ಹೋಗಬಲ್ಲದು ಎಂದು ತೋರಿಸಿದವರೂ ನರ್ಸೇ. ಅಮೆರಿಕದ ಲಿಂಡಾ ಐಕೆನ್ 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆ ಜೋಡಿಸಿದಾಗ, ನರ್ಸೊಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಗೆ ಬಂದ ರೋಗಿ ದಾಖಲಾದ ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. 2014ರಲ್ಲಿ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ, ನಾಲ್ಕು ಲಕ್ಷಕ್ಕೂ ಮಿಕ್ಕಿದ ರೋಗಿಗಳ ದಾಖಲೆಯಲ್ಲಿ ಮತ್ತೆ ಅದೇ ಏಳು. ಇದು ಸಂಬಂಧವೇ ಹೊರತು ಕಾರಣದ ರುಜುವಾತಲ್ಲ ಎಂಬ ತಕರಾರಿದೆ, ಇರಬೇಕಾದ್ದೇ. ಆದರೂ ನರ್ಸುಗಳ ಹುದ್ದೆ ತುಂಬಿ ಎಂಬ ಬೇಡಿಕೆಗೆ ಕರುಣೆಯ ಮಾತಿನ ಬದಲು ಸಾವಿನ ಲೆಕ್ಕ ಒದಗಿತು.

ನಮ್ಮಲ್ಲಿ ಆಶೆಗೆ ಕಾರಣವಿದ್ದರೆ ಅದು ಕೊಪ್ಪಳದಲ್ಲಿದೆ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಆನಿಸಿಡುವ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ತಲುಪಿಸುವುದು ಹೇಗೆ ಎಂಬ ಅಧ್ಯಯನ ಅಲ್ಲಿ ನಡೆಯಿತು. ಭಾರತ ಮತ್ತು ಇಥಿಯೋಪಿಯಾದ ಏಳು ತಾಣಗಳಲ್ಲಿ ಕೊಪ್ಪಳ ಒಂದು. ಅಳತೆಗೋಲು ಸರಳ, ಆದರೆ ನಿಷ್ಠುರ: ಹಿಂದಿನ 24 ಗಂಟೆಯಲ್ಲಿ ಕನಿಷ್ಠ ಎಂಟು ಗಂಟೆ ಮಗು ಎದೆಯ ಮೇಲಿತ್ತೇ, ಎದೆಹಾಲನ್ನೇ ಕುಡಿಯಿತೇ? ಕಾಂಗರೂ ಆರೈಕೆಯ ವ್ಯಾಖ್ಯೆ ಗೊತ್ತೇ ಎಂದು ಯಾರಿಗೂ ಅಂಕ ಹಾಕಲಿಲ್ಲ. ಈ ಕೆಲಸ ನಿಂತದ್ದು ನವಜಾತ ಶಿಶು ಘಟಕದ ನರ್ಸುಗಳ ಹೆಗಲ ಮೇಲೆ. ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ: ಹೆರಿಗೆ ಚೆಕ್‌ಲಿಸ್ಟಿನಲ್ಲೂ ಇಲ್ಲೂ ಪ್ರಶ್ನೆ ಹೂಡಿದ ಮುಂದಾಳುಗಳು ಹೆಚ್ಚಾಗಿ ವೈದ್ಯರು. ಭಾರತೀಯ ನರ್ಸಿಂಗ್ ಪರಿಷತ್ತು ಪಿಎಚ್‌.ಡಿ.ಗಾಗಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದೊಂದಿಗೆ ರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿದೆ. ಅಲ್ಲಿಂದ ಬರುವವರು ತಮ್ಮ ವಾರ್ಡಿನ ಪ್ರಶ್ನೆಯನ್ನು ತಾವೇ ಹೂಡುತ್ತಾರೋ, ಹಳೆಯ ಟೂಲನ್ನೇ ಸಾವಿರ ಜನರಿಗೆ ಹಿಗ್ಗಿಸುತ್ತಾರೋ ಎಂಬುದರ ಮೇಲೆ ಆ ಒಕ್ಕೂಟದ ಬೆಲೆ ಕಟ್ಟಬೇಕು.

ಇಷ್ಟಾದರೂ ಹಳೆಯ ಪ್ರಬಂಧಗಳನ್ನು ರದ್ದಿಗೆ ಹಾಕುವಂತಿಲ್ಲ. ಅವುಗಳ ಕೊನೆಯ ಅಧ್ಯಾಯದಲ್ಲಿ ‘ಶಿಫಾರಸುಗಳು’ ಎಂಬ ಪುಟವಿರುತ್ತದೆ. ಇದೇ ಅಧ್ಯಯನವನ್ನು ಹೆಚ್ಚು ಸ್ಯಾಂಪಲ್ಲಿನ ಮೇಲೆ ಮಾಡಬಹುದು ಎಂಬುದು ಸಾಮಾನ್ಯವಾಗಿ ಮೊದಲ ಸಾಲು, ಬೇರೆ ಊರಿನಲ್ಲಿ ಮಾಡಬಹುದು ಎಂಬುದು ಎರಡನೆಯದು. ಹೊಸ ಬ್ಯಾಚಿನವರು ಸಿನಾಪ್ಸಿಸ್ ಬರೆಯಲು ಕೂತಾಗ ಈ ಎರಡು ಸಾಲು ಓದಿಕೊಂಡು ಪುಸ್ತಕ ಮುಚ್ಚುತ್ತಾರೆ. ಜ್ಞಾನದ ಬದಲು ನರ್ಸುಗಳು ನಿಜವಾಗಿ ಏನು ಮಾಡುತ್ತಾರೆಂದು ವಾರ್ಡಿನಲ್ಲಿ ನಿಂತು ನೋಡಬಹುದು ಎಂಬ ಮಾತು ಎಷ್ಟೋ ಪ್ರಬಂಧಗಳಲ್ಲಿ ಅದೇ ಪುಟದ ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ಇದೆ.